ಅಡ್ವಾನ್ಸ್ ಎರಡೇ ತಿಂಗಳದ್ದು! ಮನೆ ಬಿಟ್ಟ ದಿನವೇ ವಾಪಸ್!

ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ರಾಜಗೋಪಾಲನಗರದ ಬಾಡಿಗೆದಾರ ಬಂಧುಗಳೇ, ಮನೆ ಮಾಲೀಕರೇ,

ಭಾನುವಾರ ಬಂತೆಂದರೆ ನಮ್ಮ ಬೀದಿಗಳಲ್ಲಿ ತಲೆ ಎತ್ತಿಕೊಂಡು ‘ಮನೆ ಬಾಡಿಗೆಗೆ ಇದೆ’ ಬೋರ್ಡು ಹುಡುಕುವವರೇ ಕಾಣುತ್ತಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೊ ಓಡಿಸುವವರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೊಸ ಸಂಸಾರದವರು. ಮನೆ ಹಿಡಿಸುತ್ತದೆ. ಬಾಡಿಗೆಯೂ ಕುದುರುತ್ತದೆ. ಕಡೆಗೆ ಮಾಲೀಕರು ಹೇಳುತ್ತಾರೆ: “ಅಡ್ವಾನ್ಸ್ ಹತ್ತು ತಿಂಗಳದ್ದು ಆಗುತ್ತೆ.” ಬಂದವರು “ಮನೇಲಿ ಕೇಳಿ ಹೇಳ್ತೀವಿ” ಎಂದು ಗೇಟು ದಾಟುತ್ತಾರೆ. ಮತ್ತೆ ಬರುವುದಿಲ್ಲ.

ಲೆಕ್ಕ ಹಾಕಿ. ತಿಂಗಳಿಗೆ 10,000 ರೂಪಾಯಿ ಬಾಡಿಗೆಯಾದರೆ ಅಡ್ವಾನ್ಸೇ ಒಂದು ಲಕ್ಷ. ಮೊದಲ ತಿಂಗಳ ಬಾಡಿಗೆ ಬೇರೆ. ಬ್ರೋಕರ್ ಮೂಲಕ ಬಂದಿದ್ದರೆ ಅವನಿಗೊಂದು ತಿಂಗಳದ್ದು. ಪಾತ್ರೆ ಪಗಡೆ ಟೆಂಪೋಗೆ ಏರುವ ಮೊದಲೇ 1,20,000 ರೂಪಾಯಿ ಎಣಿಸಬೇಕು. ತಿಂಗಳ ಸಂಬಳದಲ್ಲಿ ಬದುಕುವ ಮನೆಯಲ್ಲಿ ಇಷ್ಟು ದುಡ್ಡು ಎಲ್ಲಿರುತ್ತದೆ? ತಾಳಿ ಸರ ಅಡ ಇಡುತ್ತೇವೆ, ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತುತ್ತೇವೆ, ಮೀಟರ್ ಬಡ್ಡಿಗೆ ಕೈ ಚಾಚುತ್ತೇವೆ. ಅಡ್ವಾನ್ಸ್ ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತದೆ. ಅದಕ್ಕಾಗಿ ತಂದ ಸಾಲಕ್ಕೆ ಬಡ್ಡಿ ಕಟ್ಟುವವರು ನಾವು.

ಮನೆ ಬಿಡುವಾಗಿನ ಕಷ್ಟ ಇದಕ್ಕಿಂತ ದೊಡ್ಡದು. “ಹೊಸಬರು ಬರಲಿ, ಅವರು ಕೊಟ್ಟಿದ್ದನ್ನು ನಿಮಗೆ ಕೊಡ್ತೀನಿ” ಎನ್ನುತ್ತಾರೆ. ಅಲ್ಲಿಯವರೆಗೆ ಹೊಸ ಮನೆಗೆ ಇನ್ನೊಂದು ಅಡ್ವಾನ್ಸ್ ಹೊಂದಿಸಬೇಕು. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದಂತೂ ರೂಢಿಯೇ ಆಗಿಹೋಗಿದೆ. ಆರು ತಿಂಗಳು ಇದ್ದವರಿಗೂ ಅದೇ, ಆರು ವರ್ಷ ಇದ್ದವರಿಗೂ ಅದೇ. ಹೀಗಾಗಿ ಚಾವಣಿ ಸೋರಿದರೂ, ಬೋರ್‌ವೆಲ್ ಬತ್ತಿದರೂ, ವರ್ಷ ವರ್ಷ ಬಾಡಿಗೆ ಏರಿದರೂ ಜನ ಅಲ್ಲೇ ಇದ್ದಾರೆ. ನಮ್ಮನ್ನು ಕಟ್ಟಿಹಾಕಿರುವುದು ನಮ್ಮದೇ ದುಡ್ಡು.

ಮಾಲೀಕರೇ, ನಿಮ್ಮಲ್ಲಿ ಬಹಳ ಮಂದಿ ಸೈಟಿಗೆ ಸಾಲ ಮಾಡಿ, ಒಂದೊಂದೇ ಮಹಡಿ ಎಬ್ಬಿಸಿ, ಕೆಳಗಿನ ಮನೆಯಲ್ಲಿ ನಮ್ಮ ಜೊತೆಗೇ ಇದ್ದೀರಿ. ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಹೋದವರನ್ನೂ ನೀವು ಕಂಡಿದ್ದೀರಿ. ಆ ಭಯ ಸುಳ್ಳಲ್ಲ, ಆದರೆ ಅದಕ್ಕೆ ಎರಡು ತಿಂಗಳ ಅಡ್ವಾನ್ಸ್ ಸಾಕು. ಹತ್ತು ತಿಂಗಳದ್ದನ್ನು ತೆಗೆದುಕೊಂಡು ಮೇಲಿನ ಮಹಡಿಯ ಮೋಲ್ಡಿಗೆ ಸುರಿದವರು, ವಾಪಸ್ ಕೊಡುವ ದಿನ ಎಷ್ಟು ಮನೆ ಬಾಗಿಲು ತಟ್ಟಬೇಕಾಗುತ್ತದೆ ಎಂಬುದು ನಿಮಗೇ ಗೊತ್ತು.

ಕಾನೂನು ಕಾಪಾಡುತ್ತದೆಯೇ? ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ಹೊರಗೆ. ಈ ನಾಲ್ಕು ಬಡಾವಣೆಗಳಲ್ಲಿ ಸಂಸಾರ ಇರುವಂಥ ಮನೆ 3,500ಕ್ಕೆ ಎಲ್ಲಿದೆ, ತೋರಿಸಿ! ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಸರಿಯಾದ ಮಾತನ್ನೇ ಹೇಳುತ್ತದೆ: ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ, ಮನೆ ಖಾಲಿ ಮಾಡಿ ಒಪ್ಪಿಸಿದ ದಿನವೇ ಬಾಕಿ ಏನಿದೆಯೋ ಅದನ್ನು ಕಳೆದು ಉಳಿದದ್ದು ವಾಪಸ್. ಆದರೆ ಅದು ಮಾದರಿ ಮಾತ್ರ. ರಾಜ್ಯ ಕಾನೂನು ಮಾಡದೆ ಅದಕ್ಕೆ ಬಲವಿಲ್ಲ. ಪಕ್ಕದ ತಮಿಳುನಾಡಿನ 2017ರ ಕಾಯ್ದೆ ಮೂರು ತಿಂಗಳ ಮಿತಿ ಹಾಕಿದೆ. ಆದರೂ ಇಬ್ಬರೂ ಒಪ್ಪಿ ಬೇರೆ ಬರೆದುಕೊಂಡರೆ ನಡೆಯುತ್ತದೆ ಎಂಬ ಸಂದು ಬಿಟ್ಟಿದೆ. ನಮಗೆ ಆ ಸಂದೂ ಇಲ್ಲದ ಕಾನೂನು ಬೇಕು.

ಕಾನೂನು ಬರುವವರೆಗೆ ಕೈಕಟ್ಟಿ ಕೂರುವುದು ಬೇಡ. ಈಗ ಮನೆ ಹುಡುಕುತ್ತಿರುವವರು ಬಾಯಿಮಾತಿಗೆ ದುಡ್ಡು ಕೊಡಬೇಡಿ. ಹನ್ನೊಂದು ತಿಂಗಳದ್ದೇ ಇರಲಿ, ಛಾಪಾ ಕಾಗದದಲ್ಲಿ ಕರಾರು ಮಾಡಿಸಿ. ಕೊಟ್ಟ ಅಡ್ವಾನ್ಸ್ ಎಷ್ಟು, ವಾಪಸ್ ಯಾವಾಗ, ಪೇಂಟಿಂಗಿಗೆ ಮುರಿಯುವುದೆಷ್ಟು, ಮೂರನ್ನೂ ಬರೆಸಿ. ಬ್ಯಾಂಕ್ ಮೂಲಕ ಕೊಡಿ. ಕೈಯಲ್ಲಿ ಕೊಟ್ಟರೆ ಸಹಿ ಹಾಕಿದ ರಸೀದಿ ಕೇಳಿ. ಗೋಡೆ, ನಲ್ಲಿ, ಬಾಗಿಲು ಹೇಗಿವೆ ಎಂದು ಒಳಗೆ ಹೋಗುವ ದಿನವೇ ಫೋಟೋ ತೆಗೆದಿಡಿ. ಕರೆಂಟ್ ಮೀಟರ್ ಬೇರೆಯಾಗಿ ಇದೆಯೇ ನೋಡಿ, ಅದರ ಆರ್.ಆರ್. ನಂಬರ್ ಬರೆದುಕೊಳ್ಳಿ, ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ.

ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿದ್ದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ವಕೀಲರ ನೆರವು ಉಚಿತ. ಕೋರ್ಟಿಗೆ ಹೋಗುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವ ದಾರಿಯೂ ಇದೆ.

ಇನ್ನೊಂದು ಮಾತನ್ನು ಹೇಳಲೇಬೇಕು. “ನೀವು ಯಾವ ಜನ?” ಎಂದು ಕೇಳಿ ಬಾಗಿಲು ಹಾಕುವುದು ನಮ್ಮ ಬೀದಿಗಳಲ್ಲಿ ನಿಲ್ಲಬೇಕು. ಲಕ್ಷ ರೂಪಾಯಿ ಹೊಂದಿಸಿಕೊಂಡು ಬಂದರೂ ಮನೆ ಸಿಗದೆ ತಿರುಗುತ್ತಿರುವವರು ನಮ್ಮ ನಡುವೆಯೇ ಇದ್ದಾರೆ.

ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ನಿಮ್ಮ ಬೀದಿಯ ಅಶ್ವತ್ಥಕಟ್ಟೆಯ ಬಳಿಯೋ ಗಣಪತಿ ಕೂರಿಸುವ ಜಾಗದಲ್ಲೋ ಸೇರಿ. ಕರಾರು ಪತ್ರದ ಜೆರಾಕ್ಸ್ ತನ್ನಿ. ಕರಾರೇ ಇಲ್ಲದವರೂ ಬನ್ನಿ. ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ, ಯಾರದು ಎಷ್ಟು ದಿನದಿಂದ ಬಂದಿಲ್ಲ ಎಂದು ಒಂದೇ ಪುಸ್ತಕದಲ್ಲಿ ಬರೆಯೋಣ. ಎರಡು ತಿಂಗಳ ಮಿತಿಯ ಕಾನೂನು ಬೇಕೆಂದು ಮನವಿ ಬರೆದು, ಬೀದಿ ಬೀದಿಯ ಸಹಿ ಹಾಕಿಸಿ, ನಮ್ಮ ಶಾಸಕರ ಕೈಗೆ ಎಲ್ಲರೂ ಹೋಗಿ ಕೊಡೋಣ. ಎರಡು ತಿಂಗಳಿಗೆ ಒಪ್ಪುವ ಮಾಲೀಕರಿದ್ದರೆ ಅಲ್ಲೇ ಬಂದು ಹೇಳಿ. ನಿಮ್ಮ ಮನೆ ಖಾಲಿಯಾದಾಗ ಒಳ್ಳೆಯ ಬಾಡಿಗೆದಾರರನ್ನು ಬ್ರೋಕರ್ ಇಲ್ಲದೆ ನಾವೇ ಕರೆತರುತ್ತೇವೆ.

ಓದಿದ ಮೇಲೆ ಪಕ್ಕದ ಮನೆಗೆ ಕೊಡಿ.

— ನಿಮ್ಮದೇ ಬೀದಿಯ ಬಾಡಿಗೆದಾರರು