ರೋಗಿಯ ಕೈ ಕಟ್ಟುವ ಹಕ್ಕು ಯಾರಿಗೆ?

ಕಳೆದ ಮಳೆಗಾಲದಲ್ಲಿ ಮಲ್ಪೆಯ ವೃದ್ಧರೊಬ್ಬರ ಮಯ್ಯಿತ್‌ಗೆ ಗುಸುಲ್ ಮಾಡಿಸುವಾಗ ಅವರ ಎರಡೂ ಮಣಿಕಟ್ಟುಗಳಲ್ಲಿ ಕಪ್ಪಗೆ ಕಂದಿದ ಗುರುತುಗಳನ್ನು ಕಂಡೆವು. ಬಾಳಿಡೀ ಬಲೆಯ ಹಗ್ಗ ಎಳೆದ ಕೈಗಳವು. ಆದರೆ ಆ ಗುರುತು ಹಗ್ಗದ್ದಾಗಿರಲಿಲ್ಲ. ಬಾಯಿಯಲ್ಲಿಟ್ಟ ಉಸಿರಾಟದ ನಳಿಕೆಯನ್ನು ಕಿತ್ತುಹಾಕದಿರಲೆಂದು ಐಸಿಯುವಿನಲ್ಲಿ ಮಂಚದ ಸರಳಿಗೆ ಬಿಗಿದ ಬಟ್ಟೆಯದು. ವೆಂಟಿಲೇಟರ್ ಬೇಡ, ಮನೆಗೆ ಕರೆದೊಯ್ಯಿರಿ ಎಂದು ಅವರು ಮತಿ ಸ್ವಸ್ಥವಾಗಿದ್ದಾಗಲೇ ಮಕ್ಕಳಿಗೂ ವೈದ್ಯರಿಗೂ ಹೇಳಿದ್ದರು. ಮಯ್ಯಿತ್‌ನ ದೇಹದಲ್ಲಿ ಕಂಡ ಕುಂದನ್ನು ಮರೆಮಾಚಬೇಕೆಂಬ ಅದಬ್ ನಮಗೆ ತಿಳಿಯದ್ದೇನಲ್ಲ. ಆದರೆ ಇದು ಮೃತರ ಕುಂದಲ್ಲ, ಬದುಕಿರುವ ನಮ್ಮದು.

2025ರ ಮಾರ್ಚ್‌ನಲ್ಲಿ ಇದೇ ಮಲ್ಪೆ ಬಂದರಿನಲ್ಲಿ ಮೀನು ಕದ್ದ ಆರೋಪ ಹೊರಿಸಿ ಮಹಿಳೆಯೊಬ್ಬರನ್ನು ಮರಕ್ಕೆ ಕಟ್ಟಿ ಹೊಡೆದಾಗ ನಾಡೇ ಖಂಡಿಸಿತು, ನಾವೂ ಖಂಡಿಸಿದೆವು. ಕೋಪದಿಂದ ಕಟ್ಟಿದ ಕೈ ನಮ್ಮ ಕಣ್ಣಿಗೆ ಬೀಳುತ್ತದೆ. ಅಕ್ಕರೆಯಿಂದ ಕಟ್ಟಿದ ಕೈ ಏಕೆ ಬೀಳುವುದಿಲ್ಲ?

ಪ್ರವಾದಿವರ್ಯರ(ಸ) ಅಂತಿಮ ಕಾಯಿಲೆಯ ಘಟನೆಯೊಂದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದಿದೆ. ಮನೆಯವರು ಅವರ ಬಾಯಿಯ ಒಂದು ಬದಿಯಿಂದ ಮದ್ದು ಹೊಯ್ದರು. ಬೇಡವೆಂದು ಅವರು ಸನ್ನೆ ಮಾಡುತ್ತಲೇ ಇದ್ದರು. ಮದ್ದೆಂದರೆ ರೋಗಿಗೆ ಇಷ್ಟವಿರುವುದಿಲ್ಲ, ಇದೂ ಅಷ್ಟೇ ಎಂದು ಮನೆಯವರು ಭಾವಿಸಿದರು. ಚೇತರಿಸಿಕೊಂಡಾಗ ಪ್ರವಾದಿಯವರು(ಸ), ತಾವು ತಡೆದಿರಲಿಲ್ಲವೇ ಎಂದು ಕೇಳಿದರು. ಮನೆಯವರ ಸಮಜಾಯಿಷಿಯನ್ನು ಒಪ್ಪಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬರ ಬಾಯಿಗೂ ತಮ್ಮ ಕಣ್ಣೆದುರೇ ಅದೇ ರೀತಿ ಮದ್ದು ಹೊಯ್ಯಬೇಕೆಂದು ಆದೇಶಿಸಿದರು. ಆ ಹೊತ್ತಿನಲ್ಲಿ ಉಪಸ್ಥಿತರಿರದಿದ್ದ ಅಬ್ಬಾಸ್(ರ) ಅವರಿಗೆ ಮಾತ್ರ ವಿನಾಯಿತಿಯಿತ್ತು. ಇಮಾಮ್ ಬುಖಾರಿಯವರು ಈ ವರದಿಯನ್ನು ವೈದ್ಯದ ಅಧ್ಯಾಯದಲ್ಲಿ ಮಾತ್ರವಲ್ಲ, ಗಾಯ ಮತ್ತು ಪ್ರಾಣಹಾನಿಗಳ ಪರಿಹಾರವನ್ನು ಕುರಿತ ದಿಯಾತ್‌ನ ಅಧ್ಯಾಯದಲ್ಲೂ ಸೇರಿಸಿದ್ದಾರೆ. ನಮ್ಮ ಸಹೋದರರು ಇದನ್ನು ತುಸು ನಿಧಾನವಾಗಿ ಓದಲಿ. ಮದ್ದು ಹೊಯ್ದವರು ಶತ್ರುಗಳಲ್ಲ, ಅತ್ಯಂತ ಪ್ರೀತಿಪಾತ್ರರು. ಬಾಯಿಂದ ಮಾತೂ ಹೊರಡದಿದ್ದಾಗಿನ ಬರಿಯ ಸನ್ನೆಯನ್ನೇ ನಿರಾಕರಣೆಯೆಂದು ಗಣಿಸಲಾಯಿತು.

ಪ್ರಾಣವು ಅಲ್ಲಾಹನ ಅಮಾನತ್, ಚಿಕಿತ್ಸೆ ಬೇಡವೆನ್ನುವುದು ಆತ್ಮಹತ್ಯೆಗೆ ಸಮ ಎಂದು ಕೆಲವರು ವಾದಿಸುತ್ತಾರೆ. ಅಮಾನತ್ ಎಂಬುದು ನಿಜ. ಆದರೆ ಅನ್ನಾಹಾರ ತೊರೆದು ಸಾಯುವುದನ್ನೂ ಮದ್ದು ಬಿಡುವುದನ್ನೂ ನಮ್ಮ ಫುಕಹಾಗಳು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಆಹಾರದಿಂದ ಹಸಿವು ನೀಗುವುದು ಖಚಿತ. ಮದ್ದಿನಿಂದ ಗುಣವಾಗುವುದು ಖಚಿತವಲ್ಲ. ಆದುದರಿಂದಲೇ ಶಾಫಿಗಳು ಚಿಕಿತ್ಸೆಯನ್ನು ಸುನ್ನತ್ ಎಂದರು. ಮದ್ದು ಸೇವಿಸದೆ ಮೃತಪಟ್ಟವನು ಪಾಪಿಯಲ್ಲವೆಂದು ಹನಫಿಗಳು ಬರೆದರು. ಅಪಸ್ಮಾರದಿಂದ ಬಳಲುತ್ತಿದ್ದ ಸ್ತ್ರೀಯೊಬ್ಬರು ದುಆ ಬೇಡಿ ಬಂದಾಗ ಪ್ರವಾದಿವರ್ಯರು(ಸ) ಗುಣವಾಗುವ ದುಆವನ್ನೂ ಸಹನೆಗೆ ಪ್ರತಿಯಾಗಿ ಸ್ವರ್ಗವನ್ನೂ ಮುಂದಿಟ್ಟು, ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಗುಣ ಖಚಿತವಿರುವಲ್ಲಿ ಚಿಕಿತ್ಸೆ ಕಡ್ಡಾಯವೆಂದ ವಿದ್ವಾಂಸರೂ ಇದ್ದಾರೆ, ಇರಲಿ. ನಮಾಝ್ ಕಡ್ಡಾಯವೆಂದು ನಾವು ಯಾರನ್ನಾದರೂ ಕಟ್ಟಿಹಾಕಿ ಸುಜೂದ್ ಮಾಡಿಸುತ್ತೇವೆಯೇ?

ಮನೆಯವರು ಸಹಿ ಹಾಕಿದ್ದಾರೆ ಎಂಬುದು ಆಸ್ಪತ್ರೆಗಳ ಉತ್ತರ. ದಿಲ್ಲಿಯ ಮಹಿಳೆಯೊಬ್ಬರು ಬರಿಯ ತಪಾಸಣೆಗೆ ಒಪ್ಪಿ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ಆಕೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು. ವಯಸ್ಕಳಾದ, ಸ್ವಸ್ಥಮತಿಯ ರೋಗಿಯ ಬದಲಿಗೆ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಗನ ಸಹಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಎಲ್ಲಿಂದ ಬರಬೇಕು? ವೈದ್ಯನು ರೋಗವನ್ನು ಬಲ್ಲ. ಆ ಜ್ಞಾನಕ್ಕೆ ನಾವು ತಲೆಬಾಗುತ್ತೇವೆ. ಅದರಿಂದ ದೇಹದ ಒಡೆತನ ಅವನ ಕೈಸೇರುವುದಿಲ್ಲ.

ಮತಿಭ್ರಮಣೆಗೊಂಡು ತನ್ನನ್ನೋ ಇತರರನ್ನೋ ಘಾಸಿಗೊಳಿಸಹೊರಟವನನ್ನು ಹಿಡಿಯಬಾರದೆಂದು ನಾವು ಹೇಳುವುದಿಲ್ಲ. ಅವನ ಮಟ್ಟಿಗೆ ಲೇಖನಿಯೇ ಎತ್ತಲ್ಪಟ್ಟಿದೆ; ಹಿಡಿಯುವುದು ಕರುಣೆ. ಆದರೆ ಅದಕ್ಕೂ ಗಡಿಯಿದೆ. ಕೈಕಾಲು ಕಟ್ಟದೆ ಕೂಡಲೇ ಸಂಭವಿಸುವ ಅಪಾಯವನ್ನು ತಪ್ಪಿಸಲಾಗದು ಎಂದಾಗ ಮಾತ್ರ, ಅತ್ಯಗತ್ಯವಿರುವಷ್ಟು ಹೊತ್ತು ಮಾತ್ರ ಕಟ್ಟಬಹುದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂದು ಕಟ್ಟುವಂತಿಲ್ಲ; ಸರಪಳಿಯಂತೂ ಸಂಪೂರ್ಣ ನಿಷಿದ್ಧ. ಈ ವಿಷಯದಲ್ಲಿ ನಮ್ಮ ಸಮುದಾಯ ಇತರರತ್ತ ಬೆರಳು ತೋರುವ ಮೊದಲು ತಮಿಳುನಾಡಿನ ಏರ್ವಾಡಿಯನ್ನು ನೆನೆಯಬೇಕು. ದರ್ಗಾದ ಬರಕತ್ತನ್ನು ನಂಬಿ ಮನೆಯವರು ಬಿಟ್ಟುಹೋಗಿದ್ದ 28 ಮಾನಸಿಕ ರೋಗಿಗಳು 2001ರ ಆಗಸ್ಟ್ 6ರ ನಸುಕಿನಲ್ಲಿ ಬೆಂಕಿಗೆ ಸಿಕ್ಕಿ ಮಡಿದರು. ಓಡಲಾರದಂತೆ ಅವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಅದಕ್ಕೂ ಜನರು ಚಿಕಿತ್ಸೆಯೆಂದೇ ಹೆಸರಿಟ್ಟಿದ್ದರು.

ದಫನ್ ಮುಗಿಸಿ ಮರಳುವಾಗ ಆ ವೃದ್ಧರ ಹಿರಿಯ ಮಗನನ್ನು ಕೇಳಿದೆವು: ಅಬ್ಬಾ ಬೇಡವೆಂದಿದ್ದರಲ್ಲವೇ? ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಉಸ್ತಾದರೇ, ಮಕ್ಕಳು ಏನೂ ಮಾಡದೆ ಸಾಯಲು ಬಿಟ್ಟರು ಎಂದು ಜಮಾಅತ್‌ನವರು ಹೇಳಬಾರದಲ್ಲ” ಎಂದರು. ಹಣ ಹೊಂದಿಸಲು ತಾಯಿಯ ಬಳೆಗಳನ್ನು ಮಾರಿದ್ದಾಗಿಯೂ ಹೇಳಿದರು. ನಮಗೆ ಆಗ ಉತ್ತರ ಹೊಳೆಯಲಿಲ್ಲ. ಸಾಂತ್ವನ ಹೇಳಲು ಹೋದ ಮನೆಯಲ್ಲಿ ಕುಳಿತು, ಮಣಿಪಾಲಕ್ಕೆ ಒಯ್ಯಲಿಲ್ಲವೇ, ವೆಂಟಿಲೇಟರ್ ಹಾಕಿಸಲಿಲ್ಲವೇ ಎಂದು ವಿಚಾರಣೆ ನಡೆಸುವ ಜನ ಯಾರು? ಆ ಪ್ರಶ್ನೆಯನ್ನು ನಾವೂ ಹಲವು ಮನೆಗಳಲ್ಲಿ ಕೇಳಿದ್ದೇವೆ.