ಹೆಜ್ಜೆ ಉಳಿಯಿತು, ಅಣ್ಣನ ಕೆಲಸ ಹೋಯಿತು

ಐಟಿಐನಲ್ಲಿ ಫಿಟ್ಟರ್ ಮುಗಿಸಿ ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕಕ್ಕೆ ಅಪ್ರೆಂಟಿಸ್ ಆಗಿ ಸೇರಿದಾಗ ನನ್ನ ಕೈಗೆ ಮೊದಲು ಬಂದದ್ದು ಸ್ಪ್ಯಾನರ್ ಅಲ್ಲ, ಹಳದಿ ಪೇಂಟ್ ಡಬ್ಬ. ನೆಲಕ್ಕೆ ಗೆರೆ ಎಳೆ, ಬೇಡದ ಸಾಮಾನಿಗೆ ಕೆಂಪು ಚೀಟಿ ಕಟ್ಟು. ಇದೇ ‘ಫೈವ್ ಎಸ್’. ಆಮೇಲೆ ಟೊಯೊಟಾದ ತೈಚಿ ಓನೊ ಪಟ್ಟಿ ಮಾಡಿದ ಏಳು ಬಗೆಯ ವ್ಯರ್ಥಗಳನ್ನು ಬಾಯಿಪಾಠ ಮಾಡಿಸಿದರು: ಕಾಯುವುದು, ಸುಮ್ಮನೆ ಓಡಾಡುವುದು, ಬೇಕಿಲ್ಲದಷ್ಟು ತಯಾರಿಸುವುದು ಹೀಗೆ. ನಿಜ ಹೇಳಬೇಕೆಂದರೆ ಐಟಿಐನಲ್ಲಿ ಕಲಿತದ್ದಕ್ಕಿಂತ ಇದು ನನಗೆ ಹೆಚ್ಚು ಹಿಡಿಸಿತು.

ಡ್ರಿಲ್ಲಿಂಗ್ ಮಷೀನಿನಿಂದ ಟ್ಯಾಪಿಂಗ್ ಮಷೀನಿಗೆ ರಾಯಚೂರು ಕಡೆಯ ಅಣ್ಣನೊಬ್ಬ ದಿನವಿಡೀ ಕ್ರೇಟ್ ಹೊರುತ್ತಿದ್ದ. ವಾರವಿಡೀ ಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಎರಡೂ ಮಷೀನುಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ತಗಡಿನ ಇಳಿಜಾರು ಕೂರಿಸಬಹುದು ಎಂದು ಚಿತ್ರ ಬರೆದುಕೊಟ್ಟೆ. ಕೂರಿಸಿದರು. ನೋಟಿಸ್ ಬೋರ್ಡಿನಲ್ಲಿ ‘ತಿಂಗಳ ಕೈಜೆನ್’ ಎಂದು ನನ್ನ ಫೋಟೊ ಬಂತು, ಸ್ಟೀಲ್ ಡಬ್ಬಿಯೊಂದು ಬಹುಮಾನ. ಮುಂದಿನ ತಿಂಗಳು ಗುತ್ತಿಗೆದಾರ ಅಣ್ಣನನ್ನು ಕಳಿಸಲಿಲ್ಲ.

ಮಾಲೀಕರನ್ನು ಪೂರ್ತಿ ದೂರಲಾರೆ. ಭಾಗ ಕೊಳ್ಳುವ ದೊಡ್ಡ ಕಂಪನಿ ವರ್ಷವರ್ಷವೂ ದರ ಇಳಿಸಿ ಎನ್ನುತ್ತದೆ. ಆದರೆ ಈ ಸುಧಾರಣೆಯಲ್ಲಿ ಜನರ ದುಡ್ಡೂ ಇದೆ. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ನಮ್ಮ ಸ್ಟೈಪೆಂಡಿನ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. 2023ರಲ್ಲಿ ಆರಂಭವಾದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ ಸಲಹೆಗಾರರ ವೆಚ್ಚದ ಶೇ 90ರಷ್ಟು ಸರ್ಕಾರದ್ದೇ. ಹಾಗಿರುವಾಗ ಉಳಿದ ಕೈಗಳನ್ನು ಎಲ್ಲಿ ಬಳಸಿಕೊಂಡಿರಿ ಎಂದು ಕೇಳುವ ಹಕ್ಕು ಸರ್ಕಾರಕ್ಕಿಲ್ಲವೇ? ಟೊಯೊಟಾ ಕೂಡ ಇದನ್ನು ಸುಲಭವಾಗಿ ಕಲಿಯಲಿಲ್ಲ. 1950ರಲ್ಲಿ ಜನರನ್ನು ಕೈಬಿಡಲು ಹೊರಟಾಗ ದೊಡ್ಡ ಮುಷ್ಕರವಾಗಿ, ಅಧ್ಯಕ್ಷ ಕೀಚಿರೊ ಟೊಯೊಡಾ ಅವರೇ ರಾಜೀನಾಮೆ ಕೊಡಬೇಕಾಯಿತು. ಕೆಲಸದ ಭದ್ರತೆಯ ಮಾತು ಅಲ್ಲಿ ಗಟ್ಟಿಯಾದದ್ದು ಆ ಪೆಟ್ಟಿನ ನಂತರ. ನಾವು ಗೆರೆ, ಚೀಟಿ, ಬೋರ್ಡುಗಳನ್ನಷ್ಟೇ ತಂದುಕೊಂಡೆವು.

ನನ್ನ ಸ್ಥಿತಿಯೂ ಗಟ್ಟಿಯೇನಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಾನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಅವಧಿ ಮುಗಿದ ಮೇಲೆ ನೇಮಿಸಿಕೊಳ್ಳುವ ನೀತಿಯನ್ನು ಮಾಲೀಕರೇ ರೂಪಿಸಿಕೊಳ್ಳಲಿ ಎಂದು 2014ರ ತಿದ್ದುಪಡಿ ಹೇಳುತ್ತದೆ. ನನ್ನ ಅವಧಿ ಇನ್ನು ಎರಡು ತಿಂಗಳು. ಈ ಸಲ ಸಲಹೆ ಪೆಟ್ಟಿಗೆಗೆ ಹಾಕಿದ ಚೀಟಿಯಲ್ಲಿ ಮಷೀನಿನ ಚಿತ್ರವಿಲ್ಲ. ಕೈಜೆನ್‌ನಿಂದ ಬಿಡುವಾದವರಿಗೆ ಗೇಜ್ ನೋಡುವುದನ್ನು, ಡ್ರಿಲ್ ನಡೆಸುವುದನ್ನು ಕಲಿಸಿ ಇಲ್ಲೇ ಉಳಿಸಿಕೊಳ್ಳಿ ಎಂದು ಬರೆದಿದ್ದೇನೆ. ಸೂಪರ್‌ವೈಸರ್ ಓದಿ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ.