ಕ್ಯಾತ್ಸಂದ್ರದಲ್ಲಿ ಇಡ್ಲಿ ತಿಂದು ವಾಪಸ್ ಬರೋರಿಗೆ

ಭಾನುವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಬೆಣ್ಣೆ ಕರಗುತ್ತಿರುವ ಫೋಟೊ ಹಾಕಿ, ದೇವರಾಯನದುರ್ಗ ಹತ್ತಿ ಇಳಿದು, ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಜಾತಿಗೆ ನಾನೂ ಸೇರಿದವನೇ. ಹೋದ ಸಲ ಇಡ್ಲಿ ಮುಗಿದ ಮೇಲೆ ಗೆಳೆಯರಿಗೆ, "ತುಮಕೂರು ದಾಟಿ ಇನ್ನೊಂದಿಪ್ಪತ್ತು ಕಿಲೋಮೀಟರ್ ಹೋಗೋಣ, ಗುಬ್ಬೀಲಿ ಒಂದು ಹಳೇ ಚರ್ಚಿದೆ" ಅಂದೆ. ಹಿಂದಿನ ಸೀಟಿನಿಂದ ಉತ್ತರ ಬಂತು: "ಗುಬ್ಬೀಲಿ ಚರ್ಚಾ? ಏನೋ, ಕನ್ವರ್ಟ್ ಆಗ್ತಿದೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚನೆ ಮಾಡಿದರೆ ನನ್ನ ನಗುವಿನ ಮೇಲೇ ನನಗೆ ಸಿಟ್ಟು ಬಂತು. ಯಾಕಂದ್ರೆ ಇದೇ ಗೆಳೆಯ ಎರಡು ವರ್ಷದ ಹಿಂದೆ ಜರ್ಮನಿಗೆ ಆನ್‌ಸೈಟ್ ಹೋದಾಗ ಕೊಲೋನ್ ಕೆಥೆಡ್ರಲ್ ಮುಂದೆ ನಿಂತು ಮೂವತ್ತು ಫೋಟೊ ಕಳಿಸಿದ್ದ. ಆಗ ಯಾರೂ ಅವನಿಗೆ ಮತಾಂತರದ ಜೋಕ್ ಹೊಡೆಯಲಿಲ್ಲ. ಅಲ್ಲಿ ಚರ್ಚು ಅಂದ್ರೆ ವಾಸ್ತುಶಿಲ್ಪ, ಇತಿಹಾಸ, ಸಂಸ್ಕೃತಿ. ಗುಬ್ಬೀಲಿ ಚರ್ಚು ಅಂದ್ರೆ ಮಾತ್ರ ಅನುಮಾನ.

ಗುಬ್ಬಿ ಅಂದ್ರೆ ನಮಗೆ ವೀರಣ್ಣನವರು, 1884ರಲ್ಲಿ ಹುಟ್ಟಿದ ನಾಟಕ ಕಂಪನಿ. ಸ್ವಲ್ಪ ಓದಿಕೊಂಡವರಿಗೆ 1513ರಲ್ಲಿ 'ಭಾವಚಿಂತಾರತ್ನ' ಬರೆದ ಮಲ್ಲಣಾರ್ಯ. ಊರಿನವರಿಗೆ ಗೋಸಲ ಚನ್ನಬಸವೇಶ್ವರ. ಈ ಪಟ್ಟಿಯಲ್ಲಿ ಇನ್ನೊಂದು ಸಾಲು ಇರಬೇಕಿತ್ತು: 1837ರಲ್ಲಿ ವೆಸ್ಲಿಯನ್ ಮಿಶನ್‌ನ ಥಾಮಸ್ ಹಾಡ್ಸನ್ ಬೆಂಗಳೂರು ಬಿಟ್ಟು ಗುಬ್ಬಿಗೆ ಬಂದು ನೆಲೆ ಹೂಡಿದರು. ಆಗ ಬೆಂಗಳೂರು ದಂಡಿನಲ್ಲಿ ವೆಸ್ಲಿಯನ್ನರ ಕೆಲಸವೆಲ್ಲ ಹೆಚ್ಚಾಗಿ ಇಂಗ್ಲಿಷು, ತಮಿಳಿನಲ್ಲಿ. ಕನ್ನಡದಲ್ಲೇ ಕೆಲಸ ಮಾಡಬೇಕು ಅಂದ್ರೆ ಕನ್ನಡ ಮಾತ್ರ ಕೇಳಿಸೋ ಊರು ಬೇಕಿತ್ತು. ದಂಡು ಪ್ರದೇಶದಲ್ಲಿ ಕನ್ನಡ ಸಿಗಲ್ಲ ಅನ್ನೋ ದೂರು ಎಷ್ಟು ಹಳೇದು ನೋಡಿ!

ಎರಡು ವರ್ಷದ ಮೇಲೆ, 1839ರಲ್ಲಿ, ಐರ್ಲೆಂಡಿನ ವಿಲಿಯಂ ಆರ್ಥರ್ ಅನ್ನೋ ಹುಡುಗ ಬಂದ. ವಯಸ್ಸು ಇಪ್ಪತ್ತು, ನಮ್ಮ ಕಂಪನಿಗಳಲ್ಲಿ ಇಂಟರ್ನ್‌ಶಿಪ್‌ಗೆ ಬರೋರ ವಯಸ್ಸು. ಕನ್ನಡ ಕಲಿತ, ಸಂತೆಯಲ್ಲಿ ನಿಂತು ಮಾತಾಡಿದ. ಕಣ್ಣು ಕೈಕೊಟ್ಟು 1841ರಲ್ಲಿ ವಾಪಸ್ ಹೋದ. ಅಲ್ಲಿ ಕೂತು 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ದಪ್ಪ ಪುಸ್ತಕ ತಂದ. ಇವತ್ತು ಗುಬ್ಬಿಯ ಚರ್ಚಿಗೆ ಇರೋದು ಅವನ ಹೆಸರೇ: ವಿಲಿಯಂ ಆರ್ಥರ್ ಸ್ಮಾರಕ ಚರ್ಚ್. ಹಾಡ್ಸನ್ ಮಾತ್ರ ಇಲ್ಲೇ ಬಹಳ ಕಾಲ ದುಡಿದು, 1859ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅದೇ ಮಿಶನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಲಕ್ಷ್ಮೀಶನ 'ಜೈಮಿನಿ ಭಾರತ'ವನ್ನು ತಂದರು. 1858ರಲ್ಲಿ ರೀವ್‌ನ ನಿಘಂಟನ್ನು ತಿದ್ದಿ ಹೊರತಂದರು. ಮಿಶನ್ ಪ್ರೆಸ್ಸಿನಲ್ಲಿ ಕೃಷ್ಣನ ಕಥೆ!

ಇದನ್ನೆಲ್ಲ ಹೇಳಿದರೆ ಎರಡು ಕಡೆಯಿಂದ ಬೈಗುಳ ಗ್ಯಾರಂಟಿ. ಮೊದಲನೇ ಕಡೆಯವರು ಕೇಳ್ತಾರೆ: "ಅವರು ಬಂದಿದ್ದು ಮತಾಂತರಕ್ಕೆ ತಾನೇ?" ಹೌದು, ಅದಕ್ಕೇ ಬಂದಿದ್ದು. ಅವರು ಅದನ್ನು ಮುಚ್ಚಿಟ್ಟವರಲ್ಲ. ಆರ್ಥರ್ ಪುಸ್ತಕ ಓದಿದರೆ ನಮ್ಮ ದೇವರುಗಳ ಬಗ್ಗೆ ಅವನಿಗಿದ್ದ ತಾತ್ಸಾರ ಕಣ್ಣಿಗೆ ಹೊಡೆಯುತ್ತೆ, ನನಗೂ ಕಿರಿಕಿರಿ ಆಯ್ತು. ಎರಡನೇ ಕಡೆಯವರು, "ಮಿಶನರಿಗಳು ಇಲ್ಲದಿದ್ದರೆ ಕನ್ನಡವೇ ಇರುತ್ತಿರಲಿಲ್ಲ" ಅಂತ ಕೈ ಮುಗೀತಾರೆ. ಇದೂ ಅತಿಯಾಯ್ತು. ಆರ್ಥರ್‌ಗೆ ಕನ್ನಡ ಹೇಳಿಕೊಟ್ಟವರು ಇಲ್ಲಿನ ಜನ. ಅವರ ಹೆಸರಿನ ಬೋರ್ಡು ಎಲ್ಲೂ ಇಲ್ಲ.

ನನ್ನ ಜಗಳ ಇವರಿಬ್ಬರಿಗಿಂತ ಹೆಚ್ಚಾಗಿ ಮೂರನೇ ಗುಂಪಿನ ಜೊತೆ. ಅದು ನಾವೇ. ನವೆಂಬರ್ ಒಂದಕ್ಕೆ ಕಿಟ್ಟೆಲ್ ಫೋಟೊ ಹಾಕ್ತೀವಿ, 1894ರ ಆ ನಿಘಂಟಿನ ಬಗ್ಗೆ ನಾಲ್ಕು ಸಾಲು ಬರೀತೀವಿ, ಎಂ.ಜಿ. ರಸ್ತೆಯ ಪ್ರತಿಮೆ ಮುಂದೆ ಸೆಲ್ಫಿ ತಗೋತೀವಿ. ಅದೇ ಕಿಟ್ಟೆಲ್ ಪಾದ್ರಿ ಆಗಿದ್ದು ಮಾತ್ರ ನಮಗೆ ಅಡಚಣೆ. ನಿಘಂಟು ಬೇಕು, ಆ ನಿಘಂಟಿನ ಭಾಷೆಯಲ್ಲಿ ಭಾನುವಾರ ಹಾಡೋ ಕನ್ನಡಿಗರು ಬೇಡ. ಪಾದ್ರಿ ಸತ್ತು ಪ್ರತಿಮೆ ಆದರೆ ನಮ್ಮವ. ಅವನು ಬಿಟ್ಟುಹೋದ ಸಭೆಯವರು ಬದುಕಿದ್ದು ಪಕ್ಕದ ಬೀದಿಯಲ್ಲಿದ್ದರೆ "ಅವರ ಜನ". ಇದು ಯಾವ ನ್ಯಾಯ ಮಾರಾಯ್ರೆ?

ಬೆಂಗಳೂರಿನಲ್ಲೂ ಇದೇ ಕಥೆ. ಹೆರಿಟೇಜ್ ವಾಕ್ ಒಂದಕ್ಕೆ ದುಡ್ಡು ಕೊಟ್ಟು ಹೋಗಿದ್ದೆ. ಎಂ.ಜಿ. ರಸ್ತೆಯ ಆ ತುದಿ ಸೇಂಟ್ ಮಾರ್ಕ್ಸ್, ಈ ತುದಿ ಹೋಲಿ ಟ್ರಿನಿಟಿ. ಚೆಂದದ ಕಟ್ಟಡಗಳೇ, ಬೇಡ ಅನ್ನಲ್ಲ. ಆದರೆ ಅವು ಹುಟ್ಟಿದ್ದು ಇಂಗ್ಲಿಷ್ ದಂಡಿನವರಿಗಾಗಿ. ಅವನ್ನಷ್ಟೇ ತೋರಿಸಿ "ಇದು ಬೆಂಗಳೂರಿನ ಚರ್ಚು ಇತಿಹಾಸ" ಅಂದ್ರೆ ಕೇಳಿದವರಿಗೆ ಏನನ್ನಿಸಬೇಕು? ಚರ್ಚು ಅಂದ್ರೆ ಬಿಳಿಯರು ಬಿಟ್ಟುಹೋದ ಫರ್ನಿಚರ್ ಅಂತ ತಾನೇ? ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸರ್ಕಲ್ಲಿನಲ್ಲಿ ಸಿಗ್ನಲ್‌ಗೆ ಕಾಯದ ಬೆಂಗಳೂರಿಗ ಇಲ್ಲ. ಅಲ್ಲೇ ಇರೋ ಹಡ್ಸನ್ ಸ್ಮಾರಕ ಚರ್ಚು 1904ರದ್ದು, ಕನ್ನಡ ಸಭೆ. ಜೋಸೈಯಾ ಹಡ್ಸನ್ ಕನ್ನಡ ಶಾಲೆಗಳಿಗೆ ದುಡಿದ ವೆಸ್ಲಿಯನ್ ಪಾದ್ರಿ. ನಾನು ಬಹಳ ವರ್ಷ ಅವನನ್ನು ಯಾರೋ ಬ್ರಿಟಿಷ್ ಕರ್ನಲ್ ಅಂದುಕೊಂಡಿದ್ದೆ. (ಗುಬ್ಬಿಯವರು ಹಾಡ್ಸನ್, ಸರ್ಕಲ್ಲಿನವರು ಹಡ್ಸನ್. ಬೇರೆ ಬೇರೆ ಜನ. ಈ ಗೊಂದಲ ಬಿಡಿಸಿಕೊಳ್ಳೋಕೇ ನನಗೆ ಒಂದು ವಾರ ಹಿಡಿಯಿತು.)

ಅಂತೂ ಅವತ್ತು ಗುಬ್ಬಿಗೆ ಹೋದೆವು. ಆರಾಧನೆ ಮುಗಿದು ಜನ ಚದುರಿದ್ದರು. ವಯಸ್ಸಾದವರೊಬ್ಬರು ಕಿಟಕಿ ಮುಚ್ಚುತ್ತಿದ್ದರು. "ಬನ್ನಿ, ಬನ್ನಿ, ಯಾವ ಸಭೆಯವರು?" ಅಂದರು. ಯಾವ ಸಭೆಯವರೂ ಅಲ್ಲ, ಸುಮ್ನೆ ನೋಡೋಕೆ ಬಂದ್ವಿ ಅಂದೆ. ಅವರ ಮುಖದಲ್ಲಿ ಒಂದು ಗಳಿಗೆ ಅಳುಕು ಕಂಡಿತು. ನಾಲ್ಕು ಜನ ಗಂಡಸರು, ಕೆಎ-05 ಕಾರು, ಕೈಯಲ್ಲಿ ಫೋನು. ಸುಮ್ನೆ ನೋಡೋಕೆ ಬಂದೆವು ಅಂತ ನಾವೆಲ್ಲಿ ಬೇಕಾದರೂ ಹೇಳಿ ನುಗ್ಗಬಹುದು. ಅದನ್ನು ಕೇಳಿ ಹೆದರಬೇಕಾದ ಪರಿಸ್ಥಿತಿ ಅವರದು. ತಮ್ಮದೇ ಊರಿನಲ್ಲಿ! ಹಿಂದಿನ ಸೀಟಿನ ಜೋಕಿಗೂ ಈ ಅಳುಕಿಗೂ ಸಂಬಂಧ ಇಲ್ಲ ಅಂತ ಯಾರಾದರೂ ವಾದ ಮಾಡಿದರೆ ನಾನು ಒಪ್ಪಲ್ಲ.

ಗೆಳೆಯನಿಗೂ ಅದು ಕಾಣಿಸಿತು ಅನ್ಸುತ್ತೆ. ಚಪ್ಪಲಿ ಹೊರಗೆ ಬಿಟ್ಟು, "ಅಜ್ಜಾ, ಒಳಗ್ ಬರಬಹುದಾ?" ಅಂತ ಕೇಳಿದ. ಬೆಂಚಿನ ಮೇಲಿದ್ದ ಕೀರ್ತನೆ ಪುಸ್ತಕ ತೆಗೆದು ನೋಡಿದ. ಪದದ ನೆತ್ತಿಯ ಮೇಲೆ ರಾಗ, ತಾಳ ಅಚ್ಚಾಗಿತ್ತು. ಆರು ವರ್ಷ ಸಂಗೀತದ ಪಾಠಕ್ಕೆ ಹೋದವನು ಅವನು. "ಇದು ಆದಿತಾಳದಲ್ಲಿದೆ ಕಣೋ" ಅಂದ, ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡ ಹಾಗೆ. ಅಜ್ಜ ನಕ್ಕು, "ಮತ್ತೆ ಇನ್ಯಾವ ತಾಳದಲ್ಲಿ ಇರ್ಬೇಕಿತ್ತು ಸ್ವಾಮಿ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಇನ್ನು ನೀವು. ತುಮಕೂರಿನಿಂದ ಅರ್ಧ ಗಂಟೆ. ಕಾರಿಲ್ಲದಿದ್ದರೆ ಅರಸೀಕೆರೆ ಕಡೆ ಹೋಗೋ ಪ್ಯಾಸೆಂಜರ್ ಟ್ರೇನು ಗುಬ್ಬೀಲಿ ನಿಲ್ಲುತ್ತೆ. ಆರಾಧನೆ ಹೊತ್ತಿನಲ್ಲಿ ಫೋನ್ ಎತ್ತಿಕೊಂಡು ಓಡಾಡಬೇಡಿ, ರೀಲ್ ಮಾಡಬೇಡಿ, "ಮಿನಿ ಇಂಗ್ಲೆಂಡ್" ಅಂತಂತೂ ದಯವಿಟ್ಟು ಬರೀಬೇಡಿ. ಚನ್ನಬಸವೇಶ್ವರನ ಗುಡಿಗೂ ಹೋಗಿ ಬನ್ನಿ. ಯಾರಾದರೂ ಯಾವ ಸಭೆಯವರು ಅಂತ ಕೇಳಿದರೆ, ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಅವರ ಹೆಸರು ಕೇಳಿ. ನಾನು ಕೇಳೋದು ಮರೆತು ಬಂದೆ.